ಬ್ರಿಸ್ಟಲ್‌ನ ಈಸ್ಟನ್‌ನಲ್ಲಿ ಮನೆ: ಬಾಡಿಗೆ, ಖರೀದಿ, ಬೀದಿ, ಜನ. ಬಲ್ಲವರು ತಿಳಿಸಿ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿರುವ ಈಸ್ಟನ್ ಬಡಾವಣೆಯನ್ನು ಹತ್ತಿರದಿಂದ ಬಲ್ಲವರ ಮಾತು ಬೇಕಾಗಿದೆ. ಕೆಲಸ ಊರ ಉತ್ತರದ ಫಿಲ್ಟನ್ ಕಡೆ. ಗಂಡ, ಹೆಂಡತಿ, ಸದ್ಯದಲ್ಲೇ ನಾಲ್ಕು ತುಂಬುವ ಮಗು. ಕಾರು ಇಲ್ಲ. ಬಾಡಿಗೆ ತಿಂಗಳಿಗೆ 1,500 ಪೌಂಡ್ ಮೀರಬಾರದು. ಎರಡು ವರ್ಷ ಇದ್ದು ನೋಡಿ, ಸರಿಹೋದರೆ ಅಲ್ಲೇ ಸಣ್ಣ ಮನೆ ಕೊಳ್ಳುವ ಯೋಚನೆ.

ಅಲ್ಲಿನ ಮುಖ್ಯ ಅಂಗಡಿಬೀದಿ ಸ್ಟೇಪಲ್‌ಟನ್ ರೋಡ್ ಬಗ್ಗೆ ಕೇಳಿದವರೆಲ್ಲ ಎರಡು ಥರ ಹೇಳುತ್ತಾರೆ. ಕೆಲವರು "ಸ್ಟೇಪಲ್‌ಟನ್ ರೋಡ್ ಕಡೆ ತಲೆ ಹಾಕಬೇಡಿ" ಅಂತ, ಇನ್ನು ಕೆಲವರು "ಈಗ ಎಲ್ಲರೂ ಅಲ್ಲಿಗೇ ಮುಗಿಬೀಳ್ತಿದ್ದಾರೆ, ಬೇಗ ಹಿಡೀರಿ" ಅಂತ. ಹಾಗಾದರೆ ಅಲ್ಲಿನ ನಿಜಸ್ಥಿತಿ ಏನು? ಬಾಡಿಗೆ ಮನೆ ನೋಡುವಾಗ ಏನು ಪರೀಕ್ಷಿಸಬೇಕು? ಹಳೆಯ ಸಾಲುಮನೆಗಳಲ್ಲಿ ಏನು ಕೆಡುತ್ತದೆ? ಇನ್ನೊಂದು ಮಾತು: ಅಲ್ಲಿ ಹಳೆಯ ಬಾಡಿಗೆದಾರರು ಏರಿದ ಬಾಡಿಗೆ ತಾಳಲಾರದೆ ಹೊರಹೋಗುತ್ತಿದ್ದಾರೆ ಅಂತ ಓದಿದೆ. ಹೊಸದಾಗಿ ಹೋಗುವವರು ಅದಕ್ಕೆ ಕೈಜೋಡಿಸದೆ ಇರುವುದಕ್ಕೆ ಏನಾದರೂ ದಾರಿ ಇದೆಯೇ?

ಬಿಎಸ್5

ಎರಡೂ ಮಾತು ಬೇರೆ ಬೇರೆ ಬೀದಿಗಳ ಬಗ್ಗೆ, ಬೇರೆ ಬೇರೆ ಕಾಲದ ಬಗ್ಗೆ ಹೇಳಿದವು. ಮೊದಲು ನಕ್ಷೆ ಬಿಚ್ಚಿ ನೋಡಿ.

ಈಸ್ಟನ್ ಇರುವುದು ಊರ ನಡುವಿನಿಂದ ಈಶಾನ್ಯಕ್ಕೆ, ಟೆಂಪಲ್ ಮೀಡ್ಸ್ ರೈಲು ನಿಲ್ದಾಣದಿಂದ ಎರಡು-ಮೂರು ಕಿಲೋಮೀಟರ್ ದೂರದಲ್ಲಿ. ಒಂದು ಮಗ್ಗುಲಿಗೆ ಎಂ32 ಮೋಟಾರ್‌ವೇ, ಅದರಾಚೆ ಸೇಂಟ್ ಪಾಲ್ಸ್, ಸೇಂಟ್ ವೆರ್ಬರ್ಗ್ಸ್. ದಕ್ಷಿಣಕ್ಕೆ ಲಾರೆನ್ಸ್ ಹಿಲ್, ಬಾರ್ಟನ್ ಹಿಲ್, ರೆಡ್‌ಫೀಲ್ಡ್. ಪೂರ್ವಕ್ಕೆ ಗ್ರೀನ್‌ಬ್ಯಾಂಕ್, ವೈಟ್‌ಹಾಲ್. ಉತ್ತರಕ್ಕೆ ಈಸ್ಟ್‌ವಿಲ್. ಇವುಗಳಲ್ಲಿ ಬಹುಪಾಲು ಬಿಎಸ್5 ಪೋಸ್ಟ್‌ಕೋಡಿನೊಳಗೇ ಬರುವುದರಿಂದ ಜಾಹೀರಾತಿನ "ಈಸ್ಟನ್" ನಿಜವಾದ ಈಸ್ಟನ್‌ಗಿಂತ ದೊಡ್ಡದು. ಬೀದಿಯ ಹೆಸರು ಹಾಕಿ ನಕ್ಷೆಯಲ್ಲಿ ನೋಡದೆ ಮನೆ ನೋಡಲು ಹೊರಡಬೇಡಿ.

ಈ ಜಾಗ ಬೆಳೆದದ್ದು ಕಲ್ಲಿದ್ದಲು ಮತ್ತು ರೈಲಿನಿಂದ. ಇಲ್ಲಿನ ಗಣಿ ಮುಚ್ಚಿದ್ದು 1911ರಲ್ಲಿ. ಕೂಲಿಕಾರರಿಗಾಗಿ ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಕಟ್ಟಿದ ಸಾಲುಮನೆಗಳೇ ಇವತ್ತಿಗೂ ಈಸ್ಟನ್‌ನ ಮೈಕಟ್ಟು. ಎರಡನೇ ಮಹಾಯುದ್ಧದ ನಂತರ "ಕೊಳೆಗೇರಿ ತೆರವು" ಎಂದು ಎಷ್ಟೋ ಬೀದಿಗಳನ್ನು ಕೆಡವಿದರು. ಅರವತ್ತು-ಎಪ್ಪತ್ತರ ದಶಕದಲ್ಲಿ ಎಂ32, ಆಮೇಲೆ ಈಸ್ಟನ್ ವೇ ಎಂಬ ಅಗಲ ರಸ್ತೆ ಬಂದವು. ಸ್ಟೇಪಲ್‌ಟನ್ ರೋಡಿನ ವ್ಯಾಪಾರ ಬಡವಾದದ್ದಕ್ಕೆ ಅಲ್ಲಿನ ಜನ ಕಾರಣರಲ್ಲ. ಗಿರಾಕಿಗಳಿದ್ದ ಬೀದಿಗಳನ್ನೇ ತೆಗೆದು, ಉಳಿದವರ ನಡುವೆ ರಸ್ತೆ ಹಾಯಿಸಿದರು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ "ಆ ಕಡೆ ಹೋಗಬೇಡಿ" ಎನ್ನುವವರು ಈ ಭಾಗವನ್ನು ಯಾವಾಗಲೂ ಬಿಟ್ಟೇ ಹೇಳುತ್ತಾರೆ.

ಐವತ್ತರ ದಶಕದಿಂದ ಜಮೈಕಾ ಮೊದಲಾದ ಕೆರೀಬಿಯನ್ ದ್ವೀಪಗಳ ಜನ ಬಂದರು. ಬಣ್ಣ ನೋಡಿ ಬಾಡಿಗೆ ಮನೆ ಇಲ್ಲ ಎನ್ನುವುದು 1968ರ ಕಾಯ್ದೆಯವರೆಗೂ ಬ್ರಿಟನ್ನಿನಲ್ಲಿ ಕಾನೂನುಬಾಹಿರ ಆಗಿರಲಿಲ್ಲ. 1965ರ ಮೊದಲ ಕಾಯ್ದೆ ವಸತಿಯನ್ನು ಬಹುತೇಕ ಮುಟ್ಟಿರಲಿಲ್ಲ. ಬ್ಯಾಂಕು ಸಾಲವೂ ಕಷ್ಟ. ಹಾಗಾಗಿ ಬ್ರಿಟನ್ನಿನುದ್ದಕ್ಕೂ ಕೆರೀಬಿಯನ್ ಕುಟುಂಬಗಳು ನಮ್ಮ ಚೀಟಿಯ ಹಾಗೆಯೇ ನಡೆಯುವ "ಪಾರ್ಡ್ನರ್" ಹಾಕಿ, ಸರದಿ ಬಂದವರು ಆ ದುಡ್ಡನ್ನು ಮುಂಗಡವಾಗಿ ಕಟ್ಟಿ, ಬೇರೆಯವರು ಬೇಡವೆಂದ ಹಳೆಯ ಮನೆಗಳನ್ನು ಕೊಂಡರು. ಪಾಕಿಸ್ತಾನಿ, ಪಂಜಾಬಿ ಕುಟುಂಬಗಳೂ ಬಂದು ನೆಲೆಸಿದವು. 1972ರಲ್ಲಿ ಉಗಾಂಡದಿಂದ ಹೊರಹಾಕಲ್ಪಟ್ಟ ಏಷ್ಯನ್ನರು ಬಂದರು. ಸೇಂಟ್ ಮಾರ್ಕ್ಸ್ ರೋಡಿನ ಹೆಸರಾಂತ ಸ್ವೀಟ್ ಮಾರ್ಟ್ ಅಂಗಡಿ ಅಂಥ ಒಂದು ಕುಟುಂಬದ್ದು, 1978ರಲ್ಲಿ ಶುರುವಾದದ್ದು. ಸೊಮಾಲಿಯಾದ ಅಂತರ್ಯುದ್ಧದ ನಂತರ ಸೊಮಾಲಿಗಳು, ಆಮೇಲೆ ಪೂರ್ವ ಯುರೋಪಿನವರು.

ಬ್ರಿಸ್ಟಲ್‌ನ 1963ರ ಬಸ್ ಬಹಿಷ್ಕಾರವನ್ನೂ ತಿಳಿದಿರಬೇಕು. ಬಸ್ ಕಂಪನಿ ಕರಿಯರನ್ನೂ ಏಷ್ಯನ್ನರನ್ನೂ ಚಾಲಕ-ನಿರ್ವಾಹಕರನ್ನಾಗಿ ತೆಗೆದುಕೊಳ್ಳುತ್ತಿರಲಿಲ್ಲ. ಪಾಲ್ ಸ್ಟೀಫನ್‌ಸನ್, ರಾಯ್ ಹ್ಯಾಕೆಟ್ ಮೊದಲಾದವರ ಹೋರಾಟಕ್ಕೆ ಮಣಿದು ಕಂಪನಿ ಆಗಸ್ಟ್ 28ರಂದು ನಿಷೇಧ ತೆಗೆಯಿತು. ಆಮೇಲೆ ಕೆಲಸಕ್ಕೆ ಸೇರಿದ ಮೊದಲ ಬಿಳಿಯೇತರ ಕಂಡಕ್ಟರ್ ರಘಬೀರ್ ಸಿಂಗ್ ಎಂಬ ಸಿಖ್ಖರು. ಭಾರತದಿಂದ ಹೋಗುವವರು ಇವತ್ತು ಅಲ್ಲಿ ನೆಮ್ಮದಿಯಿಂದ ಕೆಲಸ ಹುಡುಕುವುದರ ಹಿಂದೆ ಈ ಜನರ ಋಣ ಇದೆ.

ಜೆಂಟ್ರಿಫಿಕೇಶನ್, ಅಂದರೆ ಹೆಚ್ಚು ಹಣವುಳ್ಳವರು ಬಂದು ಬೆಲೆ ಏರಿ ಹಳಬರು ಹೊರಹೋಗುವುದು, ನಡೆದ ರೀತಿ ಹೀಗೆ. ಮೊದಲು ಮೋಟಾರ್‌ವೇ ಆಚೆಯ ಮಾಂಟ್‌ಪೆಲಿಯರ್, ಸೇಂಟ್ ವೆರ್ಬರ್ಗ್ಸ್ ಕಡೆ ಬೆಲೆ ಕೈಗೆ ಸಿಗದಂತಾಯಿತು. ಅಲ್ಲಿ ಕೊಳ್ಳಲಾಗದವರು ಮೋಟಾರ್‌ವೇ ದಾಟಿ ಈಚೆ ಬಂದರು. ನಡೆದೇ ಊರ ನಡುವಿಗೆ ಹೋಗಬಹುದು, ಪಕ್ಕದಲ್ಲೇ ಬಾತ್‌ವರೆಗಿನ ಸೈಕಲ್ ದಾರಿ, ಟೆಂಪಲ್ ಮೀಡ್ಸ್‌ನಿಂದ ಲಂಡನ್ನಿಗೆ ನೇರ ರೈಲು. ಇಷ್ಟು ಸಾಕಾಯಿತು. ಹಳೆಯ ಬಾಡಿಗೆ ಮನೆ ಮಾಲೀಕರು ಮಾರಿದರು, ಇಲ್ಲವೇ ಮೂರು ಕೋಣೆಯ ಮನೆಯನ್ನು ಐದು ಜನಕ್ಕೆ ಕೋಣೆವಾರು ಕೊಟ್ಟರು. ಸ್ವಂತ ಮನೆ ಇದ್ದ ಹಳಬರಿಗೆ ಲಾಭವೇ ಆಯಿತು. ಪೆಟ್ಟು ಬಿದ್ದದ್ದು ಬಾಡಿಗೆಗಿದ್ದವರಿಗೆ ಮತ್ತು ಹಳಬರ ಮಕ್ಕಳಿಗೆ. ಹುಟ್ಟಿದ ಬೀದಿಯಲ್ಲೇ ಮನೆ ಮಾಡುವುದು ಆ ಮಕ್ಕಳ ಸಂಬಳಕ್ಕೆ ಆಗುತ್ತಿಲ್ಲ. ಗ್ರೀನ್‌ಬ್ಯಾಂಕ್‌ನಲ್ಲಿ 2006ರಲ್ಲಿ ಮುಚ್ಚಿದ ಎಲಿಜಬೆತ್ ಶಾ ಚಾಕಲೇಟ್ ಕಾರ್ಖಾನೆಯ ಜಾಗ ಈಗ ವಸತಿ. ಅದರಲ್ಲಿ ಕೈಗೆಟಕುವ ದರದ ಮನೆ ಎಷ್ಟಿರಬೇಕು ಎಂಬುದೇ ದೊಡ್ಡ ಜಗಳವಾಗಿತ್ತು.

ಸುರಕ್ಷತೆಯ ವಿಷಯಕ್ಕೆ ಅವರಿವರ ಮಾತು ಬೇಡ. ಪೊಲೀಸ್ ಇಲಾಖೆಯ ಸಾರ್ವಜನಿಕ ನಕ್ಷೆಯಲ್ಲಿ ಬೀದಿವಾರು, ತಿಂಗಳುವಾರು ಅಂಕಿ ಸಿಗುತ್ತದೆ. ಒಂದು ತಿಂಗಳಲ್ಲ, ಒಂದು ವರ್ಷದ್ದು ನೋಡಿ. ಮುಖ್ಯ ರಸ್ತೆಯ ಅಂಗಡಿ ಕಳ್ಳತನ ಬೇರೆ, ಹಿಂದಿನ ಬೀದಿಯ ಮನೆಗಳ್ಳತನ ಬೇರೆ, ಎರಡನ್ನೂ ಕೂಡಿಸಬೇಡಿ.

ಕರಾವಳಿ ಅಕ್ಕ

ಬಾಡಿಗೆ ವಿಷಯಕ್ಕೆ ಬರ್ತೇನೆ. 1,500ಕ್ಕೆ ಎರಡು ಬೆಡ್‌ರೂಮಿನ ಮನೆ ಸಿಗಬಹುದು, ಆದರೆ ಬಜೆಟ್ ಬಿಗಿ. ಹಾಗಾಗಿ ಕಾಗದಪತ್ರ ಮೊದಲೇ ಸಿದ್ಧ ಇರಬೇಕು. ಮನೆ ನೋಡಿದ ದಿನವೇ ಅರ್ಜಿ ಹಾಕುವಂತಿರಬೇಕು.

ಏಜೆಂಟರ ಸಾಮಾನ್ಯ ಲೆಕ್ಕ: ತಿಂಗಳ ಬಾಡಿಗೆಯ 30 ಪಟ್ಟು ವಾರ್ಷಿಕ ಸಂಬಳ. 1,500ಕ್ಕೆ 45,000 ಪೌಂಡ್. ಗಂಡ ಹೆಂಡತಿ ಇಬ್ಬರದ್ದೂ ಸೇರಿಸಬಹುದು. ಕಡಿಮೆ ಬಿದ್ದರೆ ಬ್ರಿಟನ್ನಿನಲ್ಲಿರುವ ಜಾಮೀನುದಾರರನ್ನು ಕೇಳ್ತಾರೆ, ಅವರಿಗೆ 36 ಪಟ್ಟು ಕೇಳುವುದೂ ಉಂಟು. ಊರಿನಿಂದ ಬಂದವರಿಗೆ ಅಂಥವರು ಎಲ್ಲಿಂದ ಸಿಗಬೇಕು? ಆಗ "ಆರು ತಿಂಗಳ ಬಾಡಿಗೆ ಮುಂಗಡ ಕೊಡಿ" ಅನ್ನುವುದು ಹಳೆಯ ರೂಢಿ. 2025ರ ಬಾಡಿಗೆದಾರರ ಹಕ್ಕುಗಳ ಕಾಯ್ದೆಯಂತೆ 2026ರ ಮೇ 1ರ ನಂತರದ ಒಪ್ಪಂದಗಳಲ್ಲಿ, ಸಹಿ ಆದ ಮೇಲೆ ಒಂದು ತಿಂಗಳಿಗಿಂತ ಹೆಚ್ಚು ಮುಂಗಡ ಬಾಡಿಗೆ ಕೇಳುವ ಹಾಗಿಲ್ಲ, ಸಹಿಗೆ ಮೊದಲು ಬಾಡಿಗೆ ತೆಗೆದುಕೊಳ್ಳುವ ಹಾಗೇ ಇಲ್ಲ. ಆ ದಾರಿ ಮುಚ್ಚಿದ್ದರಿಂದ ಜಾಮೀನಿನ ಒತ್ತಡ ಹೆಚ್ಚಾಗ್ತದೆ. ಕಂಪನಿಯವರ ಹತ್ತಿರ ಹುದ್ದೆ, ಸಂಬಳ, ಒಪ್ಪಂದದ ಅವಧಿ ಇರುವ ಪತ್ರ ತೆಗೆದುಕೊಳ್ಳಿ. ಕಂಪನಿಯೇ ಜಾಮೀನು ನಿಲ್ಲುತ್ತದೆಯೇ ಅಂತ ಬಾಯಿಬಿಟ್ಟು ಕೇಳಿ. ಶುಲ್ಕ ಪಡೆದು ಜಾಮೀನು ನಿಲ್ಲುವ ಸಂಸ್ಥೆಗಳೂ ಇವೆ, ಆದರೆ ಆ ಶುಲ್ಕ ವಾಪಸ್ ಬರುವುದಿಲ್ಲ.

ವೀಸಾ ಸ್ಥಿತಿ ತೋರಿಸಲು ಆನ್‌ಲೈನಿನಲ್ಲಿ ಶೇರ್ ಕೋಡ್ ತೆಗೆಯಬೇಕು. ಬಾಡಿಗೆಗೆ ಬೇಕಾದ ಕೋಡ್ "ಆರ್" ಅಕ್ಷರದಿಂದ ಶುರುವಾಗ್ತದೆ, ಕೆಲಸದ್ದು "ಡಬ್ಲ್ಯು" ಅಕ್ಷರದಿಂದ. ಆಫೀಸಿಗೆ ಕೊಟ್ಟದ್ದನ್ನೇ ಏಜೆಂಟರಿಗೆ ಕೊಟ್ಟು ಎರಡು ದಿನ ಕಳೆದುಕೊಳ್ಳುವವರು ಬಹಳ. ಕೋಡ್ 90 ದಿನ ಊರ್ಜಿತ. ಮನೆಯಲ್ಲಿರುವ ಪ್ರತಿ ವಯಸ್ಕರಿಗೂ ಬೇರೆ ಬೇರೆ ಬೇಕು.

ದುಡ್ಡಿನ ಮಿತಿ ಕಾನೂನಿನಲ್ಲೇ ಇದೆ. ಮನೆ ಹಿಡಿದಿಡುವ ಹಣ ಒಂದು ವಾರದ ಬಾಡಿಗೆ: 1,500 ಗುಣಿಸು 12, ಭಾಗಿಸು 52, ಅಂದರೆ 346 ಪೌಂಡ್. ಡೆಪಾಸಿಟ್ ಐದು ವಾರದ್ದು: 1,730. ಅರ್ಜಿ ಶುಲ್ಕ, ಪರಿಶೀಲನಾ ಶುಲ್ಕ, ಶುಚಿ ಶುಲ್ಕ ಅಂತ 2019ರ ಕಾಯ್ದೆಯ ನಂತರ ಏನೂ ತೆಗೆದುಕೊಳ್ಳುವ ಹಾಗಿಲ್ಲ. ಹಿಡಿದಿಟ್ಟ ಹಣ ಮುಳುಗುವುದು ನೀವೇ ಹಿಂದೆ ಸರಿದರೆ ಅಥವಾ ತಪ್ಪು ಮಾಹಿತಿ ಕೊಟ್ಟರೆ. ಸಂಬಳವನ್ನು ದುಂಡಗೆ ಹೆಚ್ಚಿಸಿ ಬರೆಯಬೇಡಿ, ಅದೂ ತಪ್ಪು ಮಾಹಿತಿಯೇ. ಡೆಪಾಸಿಟ್ಟನ್ನು 30 ದಿನದೊಳಗೆ ಮಾನ್ಯತೆ ಪಡೆದ ಯೋಜನೆಯಲ್ಲಿ ಇಟ್ಟು ವಿವರ ಕೊಡಬೇಕು. ಇಡದಿದ್ದರೆ ಕೋರ್ಟು ಡೆಪಾಸಿಟ್ಟಿನ ಒಂದರಿಂದ ಮೂರು ಪಟ್ಟು ದಂಡ ಹಾಕಬಹುದು.

ಈಸ್ಟನ್‌ಗೇ ಸೇರಿದ ಒಂದು ಮುಖ್ಯ ವಿಷಯ. 2024ರ ಆಗಸ್ಟ್ 6ರಿಂದ ಈಸ್ಟನ್ ವಾರ್ಡಿನಲ್ಲಿ ಬಹುತೇಕ ಎಲ್ಲ ಖಾಸಗಿ ಬಾಡಿಗೆ ಮನೆಗೂ ನಗರಸಭೆಯ ಲೈಸೆನ್ಸ್ ಬೇಕು, ಒಂದೇ ಕುಟುಂಬ ಇರುವ ಮನೆಗೂ. ಬ್ರಿಸ್ಟಲ್‌ನ ಉಳಿದ ಹೆಚ್ಚಿನ ವಾರ್ಡುಗಳಲ್ಲಿ ಕುಟುಂಬದ ಮನೆಗೆ ಈ ಕಡ್ಡಾಯ ಇಲ್ಲ. ಲೈಸೆನ್ಸ್ ಪಟ್ಟಿ ನಗರಸಭೆಯ ಜಾಲತಾಣದಲ್ಲಿ ಸಾರ್ವಜನಿಕ. ಹಣ ಕಟ್ಟುವ ಮೊದಲು ವಿಳಾಸ ಹುಡುಕಿ. ಇಲ್ಲದಿದ್ದರೆ ಏಜೆಂಟರಿಗೆ ಇಮೇಲ್‌ನಲ್ಲೇ ಕೇಳಿ, ಫೋನಿನಲ್ಲಿ ಬೇಡ. ಲೈಸೆನ್ಸ್ ಇಲ್ಲದೆ ಬಾಡಿಗೆ ಪಡೆದಿದ್ದರೆ ನ್ಯಾಯಮಂಡಳಿಗೆ ಹೋಗಿ ಕಟ್ಟಿದ ಬಾಡಿಗೆ ವಾಪಸ್ ಕೇಳುವ ಹಕ್ಕು ಬಾಡಿಗೆದಾರರಿಗೆ ಇದೆ.

ಗ್ಯಾಸ್ ಸುರಕ್ಷತಾ ಪ್ರಮಾಣಪತ್ರ (ಪ್ರತಿ ವರ್ಷ), ವಿದ್ಯುತ್ ತಪಾಸಣಾ ವರದಿ (ಐದು ವರ್ಷಕ್ಕೊಮ್ಮೆ), ಇಪಿಸಿ (ಮನೆಯ ಇಂಧನ ದಕ್ಷತೆಗೆ "ಎ"ಯಿಂದ "ಜಿ"ವರೆಗೆ ದರ್ಜೆ ಕೊಡುವ ಪ್ರಮಾಣಪತ್ರ) ಈ ಮೂರೂ ಕೈಗೆ ಬರಬೇಕು. ಇಪಿಸಿ "ಇ"ಗಿಂತ ಕೆಳಗಿದ್ದರೆ, ವಿನಾಯಿತಿ ಪಡೆಯದ ಹೊರತು, ಬಾಡಿಗೆಗೆ ಕೊಡುವಂತೆಯೇ ಇಲ್ಲ. "ಸಿ" ಇರುವ ಮನೆಗೆ ತಿಂಗಳಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ಚಳಿಗಾಲದ ಗ್ಯಾಸ್ ಬಿಲ್ಲಿನಲ್ಲಿ ಅದು ತೀರುತ್ತದೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಕೇಳಿದ್ದು ಒಳ್ಳೆಯದಾಯಿತು. ಬಾಡಿಗೆ ಏರುವುದು ಹೆಚ್ಚಾಗಿ ಹರಾಜಿನ ಥರ ಒಬ್ಬರ ಮೇಲೊಬ್ಬರು ಕೂಗಿದಾಗ. ಆ ಹೊಸ ಕಾಯ್ದೆಯಲ್ಲಿ ಜಾಹೀರಾತಿನ ಬಾಡಿಗೆಗಿಂತ ಹೆಚ್ಚು ಕೇಳುವುದೂ, ನೀವಾಗಿ ಕೊಟ್ಟರೆ ಸ್ವೀಕರಿಸುವುದೂ ನಿಷಿದ್ಧ. ನೀವೂ ಹೆಚ್ಚು ಹೇಳಲು ಹೋಗಬೇಡಿ. ಬಾಡಿಗೆ ಏರಿಕೆ ವರ್ಷಕ್ಕೆ ಒಮ್ಮೆ ಮಾತ್ರ, ಎರಡು ತಿಂಗಳ ನೋಟಿಸಿನ ಮೇಲೆ, ನಿಗದಿತ ನಮೂನೆಯಲ್ಲಿ. ಮಾರುಕಟ್ಟೆಗಿಂತ ಹೆಚ್ಚು ಅನಿಸಿದರೆ ನ್ಯಾಯಮಂಡಳಿಗೆ ಹಾಕಿ. ಸುಮ್ಮನೆ ಒಪ್ಪಿಕೊಂಡರೆ ನಿಮ್ಮ ಬಾಡಿಗೆಯೇ ಪಕ್ಕದ ಮನೆಯ ಏರಿಕೆಗೆ ಆಧಾರ ಆಗ್ತದೆ. ಅಕಾರ್ನ್ ಎಂಬ ಬಾಡಿಗೆದಾರರ ಸಂಘಟನೆ ಹುಟ್ಟಿದ್ದೇ ಈಸ್ಟನ್‌ನಲ್ಲಿ, 2014ರಲ್ಲಿ. ಸದಸ್ಯರಾಗಿ. ದುರಸ್ತಿ ಮಾಡದ ಮಾಲೀಕರ ಮುಂದೆ ಒಬ್ಬರೇ ನಿಲ್ಲುವುದಕ್ಕೂ ಹತ್ತು ಜನ ನಿಲ್ಲುವುದಕ್ಕೂ ವ್ಯತ್ಯಾಸ ಇದೆ.

ಧಾರವಾಡ ಸಿವಿಲ್

ಮನಿ ಬಗ್ಗೆ ಹೇಳ್ತೀನಿ, ಸ್ವಲ್ಪ ಉದ್ದ ಆಗ್ತದ. ಬಾಡಿಗೆಗೆ ನೋಡುವವರೂ ಓದ್ರಿ, ಯಾಕಂದ್ರ ಅರ್ಧ ತ್ರಾಸು ಬಾಡಿಗೆದಾರರ ತಲೆಗೇ ಬರೋದು.

ಈಸ್ಟನ್‌ನ ಹಳೆಯ ಸಾಲುಮನೆಗಳ ಗೋಡೆ ಹೆಚ್ಚಾಗಿ ಸ್ಥಳೀಯ ಪೆನಂಟ್ ಮರಳುಗಲ್ಲಿನ ಒರಟು ಕಟ್ಟಡ, ಬಾಗಿಲು ಕಿಟಕಿಯ ಅಂಚಿಗೆ ಇಟ್ಟಿಗೆ, ಇಲ್ಲವೇ ಪೂರ್ತಿ ಒಂಬತ್ತು ಇಂಚಿನ ಇಟ್ಟಿಗೆ. ನಡುವೆ ಟೊಳ್ಳು ಇಲ್ಲ. ಇವನ್ನು ಕಟ್ಟಿದ್ದು ಸುಣ್ಣದ ಗಾರೆಯಲ್ಲಿ. ಮಳೆನೀರು ಸ್ವಲ್ಪ ಒಳಗೆ ಹೀರುತ್ತದೆ, ಬಿಸಿಲು ಗಾಳಿಗೆ ಅದೇ ಸುಣ್ಣದ ಸಂದಿಯಿಂದ ಆರುತ್ತದೆ. ಆಮೇಲಿನವರು ಮೇಲೆ ಸಿಮೆಂಟ್ ಗಿಲಾವು ಬಳಿದು, ಬಣ್ಣ ಹಚ್ಚಿದರು. ಸಿಮೆಂಟ್ ಎಲ್ಲೋ ಕೂದಲೆಳೆ ಬಿರಿಯುತ್ತದೆ, ಅಲ್ಲಿಂದ ನೀರು ಹೋಗುತ್ತದೆ, ಆದರೆ ಹೊರಗೆ ಬರುವ ದಾರಿ ಇಲ್ಲ. ಒಳಗೋಡೆ ಒದ್ದೆ. ನೋಡಿದವರು "ಕೆಳಗಿನಿಂದ ತೇವ ಏರಿದೆ" ಎಂದು ಗೋಡೆಗೆ ತೂತು ಕೊರೆದು ರಾಸಾಯನಿಕ ತುಂಬುತ್ತಾರೆ. ಎಷ್ಟೋ ಸಲ ಅದು ದಂಡ, ಕಾರಣ ಬೇರೆಯೇ ಇರುತ್ತದೆ.

ಹೊರಗೆ ನಿಂತು ಈ ಕ್ರಮದಲ್ಲಿ ನೋಡ್ರಿ. ಮೊದಲು ಮೇಲೆ: ಗಟರ್ ಸೋರಿದ ಕಡೆ ಗೋಡೆಯ ಮೇಲೆ ಹಸಿರು ಪಟ್ಟೆ ಇಳಿದಿರುತ್ತದೆ. ಮನೆ ನೋಡಲು ಮಳೆ ದಿನವೇ ಒಳ್ಳೆಯದು. ಆಮೇಲೆ ಕೆಳಗೆ: ಅಂಗಳದ ನೆಲ, ಗೋಡೆಯ ತೇವತಡೆ ಪದರಕ್ಕಿಂತ ಕನಿಷ್ಠ 150 ಮಿಲಿಮೀಟರ್ ತಗ್ಗಿನಲ್ಲಿ ಇರಬೇಕು. ಹಳೆಯ ಅಂಗಳದ ಮೇಲೆ ಕಾಂಕ್ರೀಟು, ಅದರ ಮೇಲೆ ಟೈಲ್ಸು ಹಾಕಿ ಎತ್ತರಿಸಿದ್ದರೆ ನೀರು ನೇರ ಗೋಡೆಗೆ. ಮೂರನೆಯದು ನೆಲಮಟ್ಟದ ತೂತಿನ ಇಟ್ಟಿಗೆಗಳು. ಮುಂಭಾಗದ ಕೋಣೆಗಳ ನೆಲ ಮರದ ತೊಲೆಗಳ ಮೇಲೆ ತೂಗುತ್ತದೆ, ಕೆಳಗೆ ಗಾಳಿ ಆಡಬೇಕು. ಚಳಿ ಬರ್ತದ ಅಂತ ಯಾರೋ ಆ ತೂತು ಮುಚ್ಚಿರ್ತಾರ. ಕೆಲ ವರ್ಷಗಳಲ್ಲಿ ತೊಲೆಯ ತುದಿ ಕೊಳೆಯುತ್ತದೆ. ಕೋಣೆಯ ನಡುವೆ ಹಿಮ್ಮಡಿ ಎತ್ತಿ ಕುಟ್ಟಿ ನೋಡ್ರಿ, ನೆಲ ತೂಗಿದರೆ, ಅಂಚುಪಟ್ಟಿ ಮತ್ತು ನೆಲದ ನಡುವೆ ಸಂದು ಬಿಟ್ಟಿದ್ದರೆ ಅನುಮಾನ ಪಡ್ರಿ.

ಒಳಗೆ ಬಂದರೆ ಬೂಷ್ಟು. ಅದಕ್ಕೂ ಮೇಲಿನ ತೇವಕ್ಕೂ ಗುರುತು ಬೇರೆ. ಕಿಟಕಿಯ ಮೂಲೆ, ಉತ್ತರದ ಗೋಡೆ, ಬೀರುವಿನ ಹಿಂದೆ ಕಪ್ಪು ಚುಕ್ಕೆ ಇದ್ದರೆ ಅದು ಒಳಗಿನ ಹಬೆ ತಣ್ಣನೆಯ ಗೋಡೆಗೆ ಕೂತದ್ದು. ಕಂದು ಅಂಚಿನ ಕಲೆ, ಉಪ್ಪು ಪುಡಿ ಇದ್ದರೆ ಹೊರಗಿನ ನೀರು. ಹೊಸದಾಗಿ ಒಂದೇ ಗೋಡೆಗೆ ಬಣ್ಣ ಹೊಡೆದಿದ್ದರೆ ಕಾರಣ ಕೇಳ್ರಿ.

ನಮ್ಮ ಅಡಿಗೆಗೆ ಇದು ಇನ್ನೂ ಮುಖ್ಯ. ದಿನಾ ಕುಕ್ಕರ್, ಸಾರು, ಇಡ್ಲಿ ಅಂದರೆ ಬಹಳ ಹಬೆ. ಒಲೆ ಮೇಲಿನ ಚಿಮ್ನಿ ಎರಡು ಥರ ಇರುತ್ತದೆ. ಒಂದು ಕೊಳವೆಯಿಂದ ಹೊರಗೆ ಬಿಡುವುದು. ಇನ್ನೊಂದು ಇದ್ದಿಲ ಜಾಲರಿಯಲ್ಲಿ ಸೋಸಿ ಮತ್ತೆ ಅಡಿಗೆಮನೆಗೇ ಊದುವುದು. ಎರಡನೆಯದು ವಾಸನೆ ಸ್ವಲ್ಪ ತೆಗೆಯಬಹುದು, ನೀರಿನ ಹಬೆ ಒಂದು ಚೂರೂ ತೆಗೆಯುವುದಿಲ್ಲ. ಹೊರಗೋಡೆಯಲ್ಲಿ ಅದರ ಬಾಯಿ ಕಾಣುತ್ತದೆಯೇ ನೋಡಿದರೆ ಗೊತ್ತಾಗುತ್ತದೆ. ಈಗಿನ ಕಟ್ಟಡ ನಿಯಮದ ಪ್ರಮಾಣ ಅಂದರೆ ಒಲೆ ಮೇಲಿನದು ಸೆಕೆಂಡಿಗೆ 30 ಲೀಟರ್, ಗೋಡೆಯಲ್ಲಿದ್ದರೆ 60, ಬಚ್ಚಲಿಗೆ 15. ಫ್ಯಾನಿಗೆ ಒಂದು ಕಾಗದದ ಚೂರು ಹಿಡಿಯಿರಿ, ಅಂಟಿಕೊಂಡು ನಿಲ್ಲದಿದ್ದರೆ ಅದು ಬರೀ ಸದ್ದು ಮಾಡುತ್ತಿದೆ. ಒಳಗೆ ಬಟ್ಟೆ ಆರಿಸಿದರೆ ಒಂದು ಸಲದ ಒಗೆತದಿಂದ ಸುಮಾರು ಎರಡು ಲೀಟರ್ ನೀರು ಮನೆಯ ಗಾಳಿಗೆ ಸೇರುತ್ತದೆ. ಒಂದೇ ಕೋಣೆಯಲ್ಲಿ ಬಾಗಿಲು ಹಾಕಿ, ತೇವ ಹೀರುವ ಯಂತ್ರ ಇಟ್ಟು ಆರಿಸ್ರಿ. ಸಣ್ಣ ಆರ್ದ್ರತಾಮಾಪಕ ತಂದಿಡ್ರಿ: 40ರಿಂದ 60 ಶೇಕಡಾ ಒಳ್ಳೆಯದು, ದಿನಗಟ್ಟಲೆ 70 ದಾಟಿದರೆ ಬೂಷ್ಟು ಖಂಡಿತ.

ಕೊಳ್ಳುವವರಿಗೆ: ಕೊಳ್ಳುವ ಮೊದಲು ಮನೆ ತಪಾಸಣೆಯ ಸರ್ವೆಯಲ್ಲಿ ಮೇಲುಮೇಲಿನ ಲೆವೆಲ್ 2 ಅಲ್ಲ, ಕಟ್ಟಡವನ್ನು ವಿವರವಾಗಿ ನೋಡುವ ಲೆವೆಲ್ 3 ಮಾಡಿಸ್ರಿ. ಬ್ಯಾಂಕಿನವರ ಮೌಲ್ಯಮಾಪನ ಬ್ಯಾಂಕಿನ ಸಲುವಾಗಿ, ನಿಮ್ಮ ಸಲುವಾಗಿ ಅಲ್ಲ. ಈ ಮನೆಗಳಲ್ಲಿ ಜಾಗ ಮಾಡಿಕೊಳ್ಳಲು ಕೆಳಗಿನ ಹೊಗೆಗೂಡನ್ನು ಕೆಡವಿ ಮೇಲಿನದನ್ನು ಹಾಗೇ ಬಿಟ್ಟಿರುತ್ತಾರೆ. ಆ ಟನ್‌ಗಟ್ಟಲೆ ಭಾರಕ್ಕೆ ಉಕ್ಕಿನ ತೊಲೆ ಕೊಟ್ಟಿದ್ದಾರೆಯೇ? ಮುಂದಿನ ಹಿಂದಿನ ಕೋಣೆ ಒಂದು ಮಾಡಿದ್ದರೆ, ಅಟ್ಟವನ್ನು ಕೋಣೆ ಮಾಡಿದ್ದರೆ ಅದೇ ಪ್ರಶ್ನೆ. ಕಟ್ಟಡ ನಿಯಮದ ಪೂರ್ಣತಾ ಪ್ರಮಾಣಪತ್ರ ಇಲ್ಲದಿದ್ದರೆ ಅಟ್ಟದ ಕೋಣೆಯನ್ನು ಬೆಡ್‌ರೂಮ್ ಅಂತ ಎಣಿಸಬೇಡ್ರಿ, ಬೆಲೆಯನ್ನೂ ಹಾಗೇ ಮಾತಾಡ್ರಿ. ಪ್ರಮಾಣಪತ್ರದ ಬದಲು ವಿಮೆ ಕೊಡ್ತೀವಿ ಅಂತಾರ. ಆ ವಿಮೆ ನಗರಸಭೆ ಕ್ರಮ ತಗೊಂಡರೆ ಮಾತ್ರ, ತೊಲೆ ಬಗ್ಗಿದರೆ ಅಲ್ಲ.

ಕೆಳಗೆ ಹಳೆಯ ಗಣಿ ಇರುವುದರಿಂದ ವಕೀಲರಿಗೆ ಹೇಳಿ ಕಲ್ಲಿದ್ದಲು ಗಣಿ ವರದಿ ತರಿಸ್ರಿ. ಹಿಂದೆ ಅಡಿಗೆಮನೆ ವಿಸ್ತರಿಸಿದ್ದರೆ ಸಾಲುಮನೆಗಳ ಸಾಮೂಹಿಕ ಒಳಚರಂಡಿ ಅದರ ಕೆಳಗೇ ಹೋಗಿರಬಹುದು. 2011ರ ಅಕ್ಟೋಬರ್‌ನಿಂದ ಅಂಥ ಚರಂಡಿ ನೀರು ಕಂಪನಿಯ ಸ್ವತ್ತು. ಅದರ ಮೇಲೆ ಕಟ್ಟಲು ಅವರ ಒಪ್ಪಿಗೆ ಬೇಕು. ಜೊತೆಗೋಡೆ ಮುಟ್ಟುವ ಕೆಲಸಕ್ಕೆ 1996ರ ಕಾಯ್ದೆಯ ಪ್ರಕಾರ ನೆರೆಯವರಿಗೆ ಎರಡು ತಿಂಗಳ ಮೊದಲು ಲಿಖಿತ ನೋಟಿಸ್.

ತುಂಗಾತೀರ

ಎಲ್ಲರಿಗೂ ತುಂಬಾ ಧನ್ಯವಾದ. ಚಿಮ್ನಿ ವಿಷಯ ಯಾರೂ ಹೇಳಿರಲಿಲ್ಲ ಸರ್. ಒಂದು ಉಪಪ್ರಶ್ನೆ: ಊರಲ್ಲಿ ನಮ್ಮಿಬ್ಬರ ಹೆಸರಲ್ಲೂ ಒಂದು ಫ್ಲಾಟ್ ಇದೆ. ಬ್ರಿಟನ್ನಿನಲ್ಲಿ "ಮೊದಲ ಮನೆ" ರಿಯಾಯಿತಿಗೆ ಅದು ಅಡ್ಡ ಬರುತ್ತದೆಯೇ? ಮತ್ತೆ ಶಾಲೆ, ದಿನಸಿ, ಓಡಾಟದ ಬಗ್ಗೆಯೂ ಯಾರಾದರೂ ಹೇಳಿ.

ಲೆಕ್ಕಪತ್ರ

ಅಡ್ಡ ಬರುತ್ತದೆ, ಅದೂ ಎರಡು ಸಲ. ಇಂಗ್ಲೆಂಡಿನ ಸ್ಟಾಂಪ್ ಡ್ಯೂಟಿಯಲ್ಲಿ "ಮೊದಲ ಮನೆ" ಅಂದರೆ ಪ್ರಪಂಚದಲ್ಲಿ ಎಲ್ಲಿಯೂ ಎಂದೂ ಮನೆ ಹೊಂದಿರದವರು. ಪಿತ್ರಾರ್ಜಿತವಾಗಿ ಬಂದದ್ದೂ ಲೆಕ್ಕಕ್ಕೆ. ಕೊಳ್ಳುವವರಲ್ಲಿ ಒಬ್ಬರಿಗೆ ಇದ್ದರೂ ರಿಯಾಯಿತಿ ಹೋಯಿತು. ಮೇಲಾಗಿ, ಬೇರೆ ಮನೆ ಇಟ್ಟುಕೊಂಡೇ ಕೊಂಡರೆ ಪೂರ್ತಿ ಬೆಲೆಯ ಮೇಲೆ ಶೇಕಡಾ 5 ಹೆಚ್ಚುವರಿ. ನಿಮ್ಮ ಪಾಲಿನ ಬೆಲೆ 40,000 ಪೌಂಡ್‌ಗಿಂತ ಕಡಿಮೆ ಇದ್ದರೆ ಈ ಹೆಚ್ಚುವರಿಗೆ ಅದನ್ನು ಎಣಿಸುವುದಿಲ್ಲ. ಗಂಡ ಹೆಂಡತಿಯನ್ನು ಒಟ್ಟಾಗಿ ನೋಡುತ್ತಾರೆ. ಹಾಗಾಗಿ "ಒಬ್ಬರ ಹೆಸರಲ್ಲಿ ಕೊಂಡರೆ ತಪ್ಪುತ್ತದೆ" ಎಂಬ ಸಲಹೆ ಕೇಳಬೇಡಿ.

360,000 ಪೌಂಡಿನ ಮನೆಗೆ 2025ರ ಏಪ್ರಿಲ್ 1ರ ನಂತರದ ದರದಲ್ಲಿ ಲೆಕ್ಕ ಇಡೋಣ. ನಿಜವಾದ ಮೊದಲ ಖರೀದಿದಾರರಿಗೆ 300,000ದವರೆಗೆ ಸೊನ್ನೆ, ಮೇಲಿನ 60,000ಕ್ಕೆ ಶೇಕಡಾ 5: ಒಟ್ಟು 3,000. ರಿಯಾಯಿತಿ ಇಲ್ಲದವರಿಗೆ ಮೊದಲ 125,000ಕ್ಕೆ ಸೊನ್ನೆ, ಮುಂದಿನ 125,000ಕ್ಕೆ ಶೇಕಡಾ 2, ಉಳಿದ 110,000ಕ್ಕೆ ಶೇಕಡಾ 5: ಒಟ್ಟು 8,000. ಊರಿನ ಫ್ಲಾಟ್ ಎಣಿಕೆಗೆ ಬಂದರೆ ಇನ್ನೂ 18,000 ಸೇರಿ 26,000. ಕೊಳ್ಳುವ ಮೊದಲಿನ 12 ತಿಂಗಳಲ್ಲಿ 183 ದಿನ ಬ್ರಿಟನ್ನಿನಲ್ಲಿ ಇರದಿದ್ದರೆ ಮತ್ತೆ ಶೇಕಡಾ 2. ಎರಡು ವರ್ಷ ಬಾಡಿಗೆಗಿದ್ದು ಕೊಳ್ಳುವುದರಿಂದ ಆ ಕೊನೆಯದು ನಿಮಗೆ ತಪ್ಪುತ್ತದೆ. ಮನೆ ಕೈಗೆ ಬಂದ 14 ದಿನದೊಳಗೆ ಕಟ್ಟಬೇಕು, ಬ್ಯಾಂಕು ಸಾಲದಲ್ಲಿ ಸಾಮಾನ್ಯವಾಗಿ ಇದು ಸೇರುವುದಿಲ್ಲ.

ಫ್ಲಾಟ್ ಮಾರಿ ಆ ದುಡ್ಡು ತರುವುದಾದರೆ ಕ್ರಯಪತ್ರ, ತೆರಿಗೆ ಕಟ್ಟಿದ ದಾಖಲೆ, ಹಣ ಯಾವ ಖಾತೆಯಿಂದ ಯಾವ ಖಾತೆಗೆ ಬಂತು ಎಂಬ ಸ್ಟೇಟ್‌ಮೆಂಟ್ ಎಲ್ಲವನ್ನೂ ಜೋಡಿಸಿಡಿ. ಕನ್ನಡದಲ್ಲಿರುವ ಪತ್ರಗಳಿಗೆ ದೃಢೀಕೃತ ಇಂಗ್ಲಿಷ್ ಅನುವಾದ ಬೇಕಾಗುತ್ತದೆ. ವಕೀಲರು ಹಣದ ಮೂಲ ಕೇಳಿದಾಗ ಇದಕ್ಕೇ ವಾರಗಟ್ಟಲೆ ಹಿಡಿದು, ಮಾರುವವರು ಕೈಬಿಡುವುದುಂಟು.

ಬಿಎಸ್5

ಉಳಿದದ್ದಕ್ಕೆ ಚುಟುಕಾಗಿ.

ಓಡಾಟ: ಸ್ಟೇಪಲ್‌ಟನ್ ರೋಡ್ ನಿಲ್ದಾಣದಿಂದ ಫಿಲ್ಟನ್ ಆ್ಯಬಿ ವುಡ್‌ಗೆ ರೈಲು ಹತ್ತಿದರೆ ಸುಮಾರು ಹತ್ತು ನಿಮಿಷ. ನಡುವೆ 2024ರ ಸೆಪ್ಟೆಂಬರ್‌ನಲ್ಲಿ ತೆರೆದ ಆ್ಯಶ್ಲಿ ಡೌನ್ ನಿಲ್ದಾಣ. ಆದರೆ ವೇಗದ ರೈಲುಗಳು ಸ್ಟೇಪಲ್‌ಟನ್ ರೋಡ್‌ನಲ್ಲಿ ನಿಲ್ಲದೆ ಹೋಗುತ್ತವೆ. ನಿಮ್ಮ ಪಾಳಿಗೆ ಹೊಂದುತ್ತದೆಯೇ ಎಂದು ವೇಳಾಪಟ್ಟಿ ನೋಡಿಯೇ ಮನೆ ಗೊತ್ತು ಮಾಡಿ. ಸೈಕಲ್ಲಿಗೆ ಸೇಂಟ್ ವೆರ್ಬರ್ಗ್ಸ್ ಕಡೆ ದಾಟಿ ಕಾಂಕಾರ್ಡ್ ವೇ ಎಂಬ ಸೈಕಲ್ ದಾರಿ ಹಿಡಿಯಬೇಕು, ಏರು ಇದೆ. ಸೈಕಲ್ಲನ್ನು ಮನೆಯೊಳಗೇ ಇಡಿ, ಮುಂದಿನ ಅಂಗಳದಲ್ಲಿ ಸರಪಳಿ ಹಾಕಿಟ್ಟದ್ದು ಉಳಿಯುವ ನಂಬಿಕೆ ಇಲ್ಲ. ಬಾತ್‌ಗೆ ಹೋಗುವ ರೈಲುಹಾದಿಯ ಸೈಕಲ್ ದಾರಿ 13 ಮೈಲಿ, ಹಗಲಿಗೆ ಅದಕ್ಕಿಂತ ಚೆಂದದ್ದಿಲ್ಲ. ತಡರಾತ್ರಿ ಒಬ್ಬರೇ ಆದರೆ ಜನ ಓಡಾಡುವ ರಸ್ತೆ ಹಿಡಿಯಿರಿ. ಮುಂದೆ ಕಾರು ಕೊಂಡರೆ ಎರಡು ವಿಷಯ: ಊರ ನಡುವಿನ ಶುದ್ಧಗಾಳಿ ವಲಯಕ್ಕೆ ಹೊಗೆಯ ಮಾನದಂಡದಲ್ಲಿ ಯೂರೋ 6 ಡೀಸೆಲ್ ಅಥವಾ ಯೂರೋ 4 ಪೆಟ್ರೋಲ್ ಕಾರು ಇರಬೇಕು, ಇಲ್ಲದಿದ್ದರೆ ದಿನಕ್ಕೆ 9 ಪೌಂಡ್. ಈಸ್ಟನ್‌ನ ಕೆಲವು ಬೀದಿಗಳಲ್ಲಿ ಮಾತ್ರ ನಿವಾಸಿ ಪಾರ್ಕಿಂಗ್ ಪರ್ಮಿಟ್ ಇದೆ. ಅದಿಲ್ಲದ ಪಕ್ಕದ ಬೀದಿಗಳಲ್ಲಿ ಸಂಜೆ ಜಾಗವೇ ಇರುವುದಿಲ್ಲ.

ದಿನಸಿ: ತೊಗರಿಬೇಳೆ, ಹುಣಸೆ, ಕರಿಬೇವು, ಮೆಂತ್ಯ ಸೊಪ್ಪು ಎಲ್ಲಕ್ಕೂ ಸೇಂಟ್ ಮಾರ್ಕ್ಸ್ ರೋಡ್. ರಾಗಿಹಿಟ್ಟಿನ ಪೊಟ್ಟಣದ ಮೇಲೆ "ನಾಚ್ನಿ" ಎಂದೂ ಇರಬಹುದು. ಬ್ಯಾಡಗಿ ಮೆಣಸಿನಕಾಯಿ ಕಷ್ಟ, ಬಣ್ಣಕ್ಕೆ ಕಾಶ್ಮೀರಿ ನಡೆಯುತ್ತದೆ. ಬೆಂಡೆ, ಬಾಳೆಕಾಯಿ, ಗೆಣಸು, ಕಟ್ಟು ಕಟ್ಟು ಕೊತ್ತಂಬರಿಗೆ ಸ್ಟೇಪಲ್‌ಟನ್ ರೋಡಿನ ಅಂಗಡಿಗಳು. ಹಳೆಯ ಈಸ್ಟನ್ ಉಳಿದಿರುವುದು ಈ ಅಂಗಡಿಗಳ ಬಲದಲ್ಲಿ. ವಾರದ ಸಾಮಾನು ಸೂಪರ್‌ಮಾರ್ಕೆಟ್‌ನಿಂದ ಮನೆಗೆ ತರಿಸಿಕೊಂಡು ಇಲ್ಲಿಗೆ ಬರೀ ಕಾಫಿಗೆ ಬರುವ ಹೊಸಬರೇ ಹೆಚ್ಚಾದರೆ ಅಂಗಡಿ ಬಾಡಿಗೆ ಏರುತ್ತದೆ, ವ್ಯಾಪಾರ ಇಳಿಯುತ್ತದೆ. ರಂಜಾನಿನಲ್ಲಿ ಸೇಂಟ್ ಮಾರ್ಕ್ಸ್ ರೋಡಿನಲ್ಲಿ ಉದ್ದಕ್ಕೂ ಹಾಸು ಹಾಸಿ ಎಲ್ಲರನ್ನೂ ಕೂರಿಸಿ ಉಣಿಸುವ ಗ್ರ್ಯಾಂಡ್ ಇಫ್ತಾರ್ ನಡೆದದ್ದುಂಟು. ನೆರೆಯವರ ಪರಿಚಯಕ್ಕೆ ಅದಕ್ಕಿಂತ ಒಳ್ಳೆಯ ದಿನ ಸಿಗದು. ಹಿಂದೂ ದೇವಸ್ಥಾನ ರೆಡ್‌ಫೀಲ್ಡ್‌ನ ಚರ್ಚ್ ರೋಡಿನಲ್ಲಿದೆ, ನಡೆದು ಹೋಗಬಹುದು.

ಸ್ಟೇಪಲ್‌ಟನ್ ರೋಡ್ ಮುಂದೆ ಸ್ಟೇಪಲ್‌ಟನ್ ಊರಿಗೆ ಹೋಗುತ್ತದಲ್ಲ, ರಾಜಾ ರಾಮಮೋಹನ ರಾಯರು 1833ರ ಸೆಪ್ಟೆಂಬರ್ 27ರಂದು ತೀರಿಕೊಂಡದ್ದು ಅಲ್ಲೇ. ಸಮಾಧಿ ಊರಿನ ದಕ್ಷಿಣಕ್ಕೆ ಆರ್ನೋಸ್ ವೇಲ್ ರುದ್ರಭೂಮಿಯಲ್ಲಿದೆ, ಮೇಲೆ ಛತ್ರಿ ಶೈಲಿಯ ಮಂಟಪ.

ಶಾಲೆ: ನಾಲ್ಕು ತುಂಬಿದ ಮೇಲೆ ಬರುವ ಸೆಪ್ಟೆಂಬರ್‌ಗೆ ಮಗು ಪ್ರಾಥಮಿಕ ಶಾಲೆಯ ಮೊದಲ ವರ್ಷವಾದ ರಿಸೆಪ್ಷನ್ ತರಗತಿಗೆ. ಅರ್ಜಿಗೆ ಕೊನೆಯ ದಿನ ಜನವರಿ 15, ಫಲಿತಾಂಶ ಏಪ್ರಿಲ್ 16. ಬ್ಯಾನರ್‌ಮನ್ ರೋಡ್, ವೈಟ್‌ಹಾಲ್, ಮೇ ಪಾರ್ಕ್ ಹತ್ತಿರದ ಪ್ರಾಥಮಿಕ ಶಾಲೆಗಳು. ಸೀಟು ಕಡಿಮೆ ಇದ್ದಾಗ ಮನೆಯ ದೂರ ಮುಖ್ಯವಾಗುತ್ತದೆ. ಹಾಗಾಗಿ ಬಾಡಿಗೆ ಒಪ್ಪಂದ ಜನವರಿ 15ಕ್ಕೆ ಮೊದಲೇ ಕೈಯಲ್ಲಿದ್ದರೆ ಅನುಕೂಲ. ತಡವಾಗಿ ಬಂದರೆ ನಗರಸಭೆಗೆ ತಡವಾದ ಅರ್ಜಿ ಹಾಕಿ, ಜೊತೆಗೆ ಇಷ್ಟದ ಶಾಲೆಗಳ ಕಾಯುವ ಪಟ್ಟಿಯಲ್ಲಿ ಹೆಸರು ಬರೆಸಿ. ಬೇಸಿಗೆಯಲ್ಲಿ ಜನ ಮನೆ ಬದಲಿಸುವಾಗ ಪಟ್ಟಿ ಮುಂದಕ್ಕೆ ಸರಿಯುತ್ತದೆ. ಶಾಲೆಯ ನಂತರ, ರಜೆಯಲ್ಲಿ ಫೆಲಿಕ್ಸ್ ರೋಡಿನ ಸಾಹಸ ಆಟದ ಮೈದಾನ ಇದೆ, ಪ್ರವೇಶಕ್ಕೆ ದುಡ್ಡಿಲ್ಲ. ಸಣ್ಣ ಮಕ್ಕಳ ಜೊತೆ ದೊಡ್ಡವರು ಇರಬೇಕು, ವೇಳೆ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ, ಗೇಟಿನ ಬಳಿ ಬರೆದಿರುತ್ತಾರೆ.